ಜಿಂಕೆ ಬೇಟೆಗೂ ದಿನದ ರಕ್ಷಣೆಗೂ: ರಿವಾಲ್ವರ್ ತೋಟಾ ಆರಿಸುವುದು ಹೇಗೆ

ಅಮೆರಿಕದಲ್ಲಿ ಮೊದಲ ಸಲ ರಿವಾಲ್ವರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ನವೆಂಬರಿನಲ್ಲಿ ಜಿಂಕೆ ಹೊಡೆಯಲೂ ಬೇಕು, ಉಳಿದ ದಿನ ಅಂಗಿಯೊಳಗೆ ಮರೆಸಿಟ್ಟುಕೊಂಡು ಓಡಾಡಲೂ ಬೇಕು, ಯಾವ ತೋಟಾ ಒಳ್ಳೆಯದು? ಸಿಗುವ ಉತ್ತರವೂ ಒಂದೇ: .357 ಮ್ಯಾಗ್ನಮ್. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಬೇಟೆಗೆ ಉದ್ದದ ನಳಿಗೆ, ತೂಕದ ಗುಂಡು, ಪ್ರಾಣಿಯ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೊರಬೀಳುವ ಹೊಡೆತ ಬೇಕು. ಮೈಮೇಲೆ ಹೊತ್ತು ತಿರುಗುವುದಕ್ಕೆ ಗಿಡ್ಡ ನಳಿಗೆ, ಹಗುರ ರಿವಾಲ್ವರ್, ಎದುರಿಗಿರುವವನನ್ನು ದಾಟಿ ಹೋಗದ ಗುಂಡು ಬೇಕು. ಎರಡೂ ಎದುರು ಬದುರು ದಿಕ್ಕಿಗೆ ಎಳೆಯುತ್ತವೆ. ಹಾಗಾಗಿ ತೋಟಾದ ಹೆಸರಿಗಿಂತ ಮೊದಲು ನಳಿಗೆಯ ಉದ್ದ ತೀರ್ಮಾನವಾಗಬೇಕು. ಎರಡು ಇಂಚಿನ ನಳಿಗೆಯಿಂದ ಹೊರಟ .357 ಮತ್ತು ಆರು ಇಂಚಿನಿಂದ ಹೊರಟ .357 ಕೆಲಸದಲ್ಲಿ ಬೇರೆ ಬೇರೆ ತೋಟಾಗಳೇ.

ಅದಕ್ಕೂ ಮೊದಲು ವೀಸಾದ ಮಾತು. ಎಚ್-1ಬಿ, ಎಲ್-1, ಎಫ್-1, ಎಚ್-4 ಹೀಗೆ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅವುಗಳಲ್ಲಿ ಒಂದು. ಆದರೆ ಬೇಟೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಮರೆಸಿಟ್ಟು ಒಯ್ಯುವ ಪರವಾನಗಿ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಫೆಡರಲ್ ನಿಷೇಧವಿಲ್ಲ, ಒಯ್ಯುವ ಪರವಾನಗಿ ಮಾತ್ರ ಆಯಾ ರಾಜ್ಯದ ನಿಯಮದಂತೆ. ವೀಸಾದಲ್ಲಿರುವವರು ಒಂದು ಡಬ್ಬಿ ತೋಟಾ ಕೊಳ್ಳುವ ಮೊದಲೇ ವಲಸೆ ವಕೀಲರನ್ನು ಕೇಳಿಕೊಳ್ಳಿ. ಇಲ್ಲಿ ಎಡವಿದರೆ ಸ್ಟೇಟಸ್ಸೇ ಹೋಗಬಹುದು.

ಜೋಡಿಗಳನ್ನು ಗುರುತು ಮಾಡಿಕೊಳ್ಳಿ

ರಿವಾಲ್ವರ್ ತೋಟಾಗಳಲ್ಲಿ ಅಣ್ಣ-ತಮ್ಮ ಜೋಡಿಗಳಿವೆ. .38 ಸ್ಪೆಷಲ್‌ನ ಕೇಸ್ (ಮದ್ದು ತುಂಬುವ ಲೋಹದ ಕೊಳವೆ) 1.155 ಇಂಚು, 1935ರಲ್ಲಿ ಬಂದ .357 ಮ್ಯಾಗ್ನಮ್‌ನದು 1.29 ಇಂಚು. ಗುಂಡಿನ ಅಡ್ಡಳತೆ ಎರಡಕ್ಕೂ ಒಂದೇ. ಕೇಸನ್ನು ಬೇಕೆಂದೇ ಉದ್ದ ಮಾಡಿದ್ದು ಮ್ಯಾಗ್ನಮ್ ತೋಟಾ ಹಳೆಯ .38 ರಿವಾಲ್ವರ್ ಒಳಗೆ ಕೂರದಿರಲಿ ಎಂದು. ಒತ್ತಡದ ಅಂತರ ನೋಡಿದರೆ ಕಾರಣ ತಿಳಿಯುತ್ತದೆ: .38ಕ್ಕೆ ಗರಿಷ್ಠ 17,000 ಪಿಎಸ್ಐ, .357ಕ್ಕೆ 35,000. ಆದ್ದರಿಂದ .357 ರಿವಾಲ್ವರ್‌ನಲ್ಲಿ .38 ಹೊಡೆಯಬಹುದು, .38ರಲ್ಲಿ .357 ಹೊಡೆಯುವಂತಿಲ್ಲ. .44 ಸ್ಪೆಷಲ್ ಮತ್ತು .44 ಮ್ಯಾಗ್ನಮ್, .45 ಕೋಲ್ಟ್ ಮತ್ತು .454 ಕ್ಯಾಸುಲ್ ನಡುವೆಯೂ ಇದೇ ಸಂಬಂಧ. ದೊಡ್ಡದರಲ್ಲಿ ಚಿಕ್ಕದು ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರಬಾರದು. ಎರಡು ಕೆಲಸಕ್ಕೆ ಒಂದು ಕುಟುಂಬ ಆರಿಸಬಹುದಾದದ್ದು ಈ ಜೋಡಿಗಳ ಕಾರಣದಿಂದಲೇ.

.41 ಮ್ಯಾಗ್ನಮ್‌ಗೆ (1964) ಇಂಥ ತಮ್ಮನಿಲ್ಲ. 210 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು ಸೆಕೆಂಡಿಗೆ 1,300 ಅಡಿ ವೇಗದಲ್ಲಿ ಕಳಿಸುವ ಅದು ಜಿಂಕೆಗೆ ತುಂಬ ಒಳ್ಳೆಯ ತೋಟಾ. ಆದರೆ ಅಂಗಡಿಗಳಲ್ಲಿ ಸಿಗುವುದು ಕಡಿಮೆ, ಬೆಲೆ ಹೆಚ್ಚು, ಮರೆಸಿಟ್ಟು ಒಯ್ಯಬಹುದಾದ ಅಳತೆಯ ರಿವಾಲ್ವರ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಎರಡು ಕೆಲಸಕ್ಕೆ ನೋಡುವವರು ಅದನ್ನು ಬಿಟ್ಟುಬಿಡಬಹುದು.

ಜಿಂಕೆಗೆ ಏನು ಬೇಕು

ಬಿಳಿಬಾಲದ ಜಿಂಕೆ ದಪ್ಪ ಚರ್ಮದ ಪ್ರಾಣಿಯಲ್ಲ. ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ಹಿಂದೆ, ಎದೆಗೂಡಿನ ಕೆಳಗಿನ ಮೂರನೇ ಒಂದು ಭಾಗದ ಎತ್ತರದಲ್ಲಿ ಎರಡೂ ಶ್ವಾಸಕೋಶ ಸೇರಿಸಿ ಹೊಡೆದರೆ .357 ಸಾಕು. ತೊಂದರೆ ಬರುವುದು ಪ್ರಾಣಿ ಸ್ವಲ್ಪ ಓರೆಯಾಗಿ ನಿಂತಾಗ, ಇಲ್ಲವೆ ಗುಂಡು ಭುಜದ ಮೂಳೆಗೆ ತಗಲಿದಾಗ. ರಿವಾಲ್ವರ್ ಗುಂಡು ರೈಫಲ್ ಗುಂಡಿನಂತೆ ಸುತ್ತಲಿನ ಅಂಗಾಂಶವನ್ನು ಛಿದ್ರ ಮಾಡುವುದಿಲ್ಲ. ತಾನು ಹೋದ ದಾರಿಯಲ್ಲಿ ತೂತು ಕೊರೆಯುತ್ತದೆ, ಅಷ್ಟೆ. ಆದ್ದರಿಂದ ತೂತು ಅಗಲವಾಗಿರಬೇಕು, ಉದ್ದವಾಗಿರಬೇಕು, ಆದಷ್ಟೂ ಎರಡೂ ಪಕ್ಕ ತೆರೆದಿರಬೇಕು. ಹೊರಬಿದ್ದ ತೂತಿದ್ದರೆ ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ. ಗುಂಡು ಒಳಗೇ ನಿಂತು, ಹೊಕ್ಕ ತೂತು ಮೇಲ್ಭಾಗದಲ್ಲಿದ್ದರೆ ಎದೆಗೂಡಿನೊಳಗೇ ರಕ್ತ ತುಂಬಿಕೊಂಡು, ನೂರು ಗಜ ಓಡಿದ ಜಿಂಕೆಯನ್ನು ಎಲೆಗಳ ಮೇಲೆ ಹುಡುಕುವುದು ಕಷ್ಟವಾಗುತ್ತದೆ. ಈಡು ಬಿದ್ದ ಮೇಲೆ ಅರ್ಧ ಗಂಟೆ ಕಾಯಿರಿ. ನೊರೆನೊರೆಯಾದ ತಿಳಿಗೆಂಪು ರಕ್ತ ಕಂಡರೆ ಶ್ವಾಸಕೋಶಕ್ಕೆ ತಗಲಿದೆ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ.

.357ರಲ್ಲಿ ಜಿಂಕೆಗೆ 158 ಗ್ರೇನ್‌ಗಿಂತ ಹಗುರದ ಮಾಮೂಲಿ ಸೀಸದ ತಿರುಳಿನ ಗುಂಡು ಬೇಡ. 110, 125 ಗ್ರೇನ್‌ನ ಹಾಲೋಪಾಯಿಂಟ್‌ಗಳು (ಮೂತಿಯಲ್ಲಿ ಗುಳಿಯಿದ್ದು ತಗಲಿದಾಗ ಅರಳುವ ಗುಂಡುಗಳು) ಮನುಷ್ಯನ ವಿರುದ್ಧದ ರಕ್ಷಣೆಗೆ ಮಾಡಿದವು. ಭುಜದ ಮೂಳೆಗೆ ಬಿದ್ದರೆ ಒಡೆದು ಚೂರಾಗಿ ಮೇಲೆಯೇ ನಿಲ್ಲುತ್ತವೆ, ಜಿಂಕೆ ಗಾಯಗೊಂಡು ಓಡುತ್ತದೆ. 158 ಗ್ರೇನ್‌ನ ಹಾರ್ನಡಿ ಎಕ್ಸ್‌ಟಿಪಿಯಂಥ ಗಟ್ಟಿ ಜಾಕೆಟ್ಟಿನ (ಲೋಹದ ಹೊದಿಕೆಯ) ಗುಂಡು, ಜಾಕೆಟ್ಟಿನ ಸಾಫ್ಟ್‌ಪಾಯಿಂಟ್ (ಮೂತಿಯಲ್ಲಿ ಸೀಸ ತೆರೆದಿರುವ ಗುಂಡು), ಇಲ್ಲವೆ 180 ಗ್ರೇನ್‌ನ ಚಪ್ಪಟೆ ಮೂತಿಯ ಗಟ್ಟಿ ಎರಕದ ಸೀಸ, ಇವು ಬೇಟೆಯ ಗುಂಡುಗಳು. ನಾಲ್ಕು ಇಂಚಿನ ನಳಿಗೆಯಿಂದ 158 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1,235 ಅಡಿ ವೇಗದಲ್ಲಿ, 535 ಅಡಿ-ಪೌಂಡ್ ಶಕ್ತಿಯಲ್ಲಿ ಹೊರಡುತ್ತದೆ. 50 ಗಜ ತಲುಪುವಷ್ಟರಲ್ಲಿ ಅದು 430ರ ಆಸುಪಾಸಿಗೆ ಇಳಿದಿರುತ್ತದೆ. ನಮ್ಮ ಮಿತಿ ಅಲ್ಲಿಗೇ: .357 ಎಂದರೆ 50 ಗಜ, ಪಕ್ಕಕ್ಕೆ ತಿರುಗಿ ನಿಂತ ಜಿಂಕೆ, ಆರು ಇಂಚಿನ ನಳಿಗೆಯಾದರೆ ಇನ್ನೂ ಒಳ್ಳೆಯದು.

ಕಾನೂನು ಕೂಡ ಈ ಗೆರೆಯನ್ನು ಎಳೆಯುತ್ತದೆ. ಕೊಲರಾಡೊದಲ್ಲಿ ಜಿಂಕೆ ಬೇಟೆಯ ಕೈಬಂದೂಕಿಗೆ ಕನಿಷ್ಠ ನಾಲ್ಕು ಇಂಚಿನ ನಳಿಗೆ, ಅರಳುವ ಗುಂಡು, ಮತ್ತು 50 ಗಜದಲ್ಲಿ 550 ಅಡಿ-ಪೌಂಡ್ ಶಕ್ತಿ ಬೇಕು. ಮೇಲಿನ ಲೆಕ್ಕ ನೋಡಿ: ನಾಲ್ಕು ಇಂಚಿನ ಮಾಮೂಲಿ .357 ನಳಿಗೆಯ ತುದಿಯಲ್ಲೇ ಈ ಅಂಕಿಯನ್ನು ಮುಟ್ಟುವುದಿಲ್ಲ. .44 ಮ್ಯಾಗ್ನಮ್ ಸಲೀಸಾಗಿ ದಾಟುತ್ತದೆ. ಓಹಾಯೊದಲ್ಲಿ ಕನಿಷ್ಠ ಐದು ಇಂಚಿನ ನಳಿಗೆ, .357 ಅಥವಾ ಅದಕ್ಕಿಂತ ದೊಡ್ಡ ನೇರ ಗೋಡೆಯ (ಬಾಯಿಯ ಬಳಿ ಕಿರಿದಾಗದ) ಕೇಸ್ ಬೇಕು. ಅಂದರೆ ಸೊಂಟದಲ್ಲಿಟ್ಟ ನಾಲ್ಕಿಂಚಿನ ರಿವಾಲ್ವರ್ ಅಲ್ಲಿ ಬೇಟೆಗೆ ನಡೆಯದು. ನ್ಯೂಜೆರ್ಸಿಯಲ್ಲಿ ಕೈಬಂದೂಕಿನಿಂದ ಜಿಂಕೆ ಹೊಡೆಯಲು ಅವಕಾಶವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ವನ್ಯಪ್ರಾಣಿಯನ್ನು ಹೊಡೆಯಲೂ ಸೀಸವಿಲ್ಲದ ಗುಂಡೇ ಆಗಬೇಕು. ಬೇ ಏರಿಯಾದಲ್ಲಿರುವವರು ಎಕ್ಸ್‌ಟಿಪಿಯನ್ನೂ ಎರಕದ ಸೀಸವನ್ನೂ ಮರೆತು ಬಾರ್ನ್ಸ್ ಕಂಪನಿಯ ತಾಮ್ರದ ಗುಂಡು ನೋಡಬೇಕು: .357ರಲ್ಲಿ 140 ಗ್ರೇನ್, .44ರಲ್ಲಿ 225 ಗ್ರೇನ್. ತಾಮ್ರ ಸೀಸಕ್ಕಿಂತ ಹಗುರ, ಆದರೆ ಒಡೆಯುವುದಿಲ್ಲ. ಹಾಗಾಗಿ 140 ಗ್ರೇನ್ ಎಂಬ ಅಂಕಿ ನೋಡಿ ಹಿಂಜರಿಯಬೇಕಾಗಿಲ್ಲ, ಆಳಕ್ಕೆ ಇಳಿಯುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಬೇಟೆ ಕೈಪಿಡಿಯನ್ನೇ ನೋಡಿ.

ಟೆಕ್ಸಾಸ್‌ನಲ್ಲಿ ಇನ್ನೊಂದು ಪ್ರಾಣಿಯಿದೆ: ಆಕ್ಸಿಸ್ ಡಿಯರ್. ಇದು ಬಂಡೀಪುರದಲ್ಲಿ ಜೀಪಿನಿಂದ ನೋಡುವ ಅದೇ ಚುಕ್ಕೆ ಜಿಂಕೆ. 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟರು, ಈಗ ಹಿಲ್ ಕಂಟ್ರಿಯ ತುಂಬ ಇವೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮುಟ್ಟುವಂತಿಲ್ಲ. ಟೆಕ್ಸಾಸ್‌ನಲ್ಲಿ ಹೊರದೇಶದ ಪ್ರಾಣಿಯೆಂದು ಸೀಸನ್ ಇಲ್ಲದೆ ವರ್ಷವಿಡೀ ಬೇಟೆ ನಡೆಯುತ್ತದೆ, ಬೇಟೆ ಲೈಸೆನ್ಸ್ ಮಾತ್ರ ಬೇಕು. ಗಾತ್ರ ಬಿಳಿಬಾಲದ ಜಿಂಕೆಯ ಹತ್ತಿರ ಹತ್ತಿರವೇ, ತೋಟಾದ ಆಯ್ಕೆಯೂ ಅದೇ.

.44 ಮ್ಯಾಗ್ನಮ್ 1955ರ ಕೊನೆಯಲ್ಲಿ ಬಂತು. ಬೇಟೆಗಾರ ಎಲ್ಮರ್ ಕೀತ್ ವರ್ಷಗಟ್ಟಲೆ .44 ಸ್ಪೆಷಲ್‌ನಲ್ಲಿ ಮದ್ದು ಹೆಚ್ಚಿಸಿ ಹೆಚ್ಚಿಸಿ ಕಂಪನಿಗಳ ಹಿಂದೆ ಬಿದ್ದದ್ದರ ಫಲ ಅದು. 240 ಗ್ರೇನ್ ಗುಂಡು ಉದ್ದದ ನಳಿಗೆಯಿಂದ ಸೆಕೆಂಡಿಗೆ 1,350 ಅಡಿ ವೇಗದಲ್ಲಿ ಹೊರಟರೆ 970 ಅಡಿ-ಪೌಂಡ್ ಶಕ್ತಿ. 50 ಗಜಕ್ಕೆ ಸೈಟ್ (ಗುರಿ ನೋಡುವ ಸಾಧನ) ಹೊಂದಿಸಿದರೆ 100 ಗಜದಲ್ಲಿ ಐದು ಇಂಚಿನಷ್ಟು ಇಳಿಯುತ್ತದೆ. ಜಿಂಕೆಯ ಮಟ್ಟಿಗೆ ಇದಕ್ಕಿಂತ ಹೆಚ್ಚೇನೂ ಬೇಡ, ಮತ್ತು ರಿವಾಲ್ವರ್ ಬೇಟೆಗೆಂದೇ ಒಂದನ್ನು ಕೊಳ್ಳುವುದಾದರೆ ನಮ್ಮ ಮತ ಇದಕ್ಕೇ. 300 ಗ್ರೇನ್‌ನ ಭಾರಿ ತೋಟಾಗಳು ಕರಡಿಯ ನಾಡಿಗೆ ಸರಿ, ಜಿಂಕೆಗೆ ಅನಗತ್ಯ ಒದೆತ. .454 ಕ್ಯಾಸುಲ್‌ಗೂ (65,000 ಪಿಎಸ್ಐ) ಇದೇ ಮಾತು.

.45 ಕೋಲ್ಟ್ ವಿಷಯದಲ್ಲಿ ಎಚ್ಚರ ಬೇಕು. 1870ರ ದಶಕದ ಈ ತೋಟಾದ ಪ್ರಮಾಣಿತ ಒತ್ತಡ 14,000 ಪಿಎಸ್ಐ ಮಾತ್ರ. 255 ಗ್ರೇನ್ ಗುಂಡು 860 ಅಡಿಯ ಸುತ್ತ ಹೋಗುತ್ತದೆ. ಹತ್ತಿರದಿಂದ ಜಿಂಕೆಗೆ ಅದೂ ಸಾಕು. ಆದರೆ ಇದೇ ಕೇಸ್‌ನಲ್ಲಿ ಮ್ಯಾಗ್ನಮ್ ಮಟ್ಟಕ್ಕೆ ತುಂಬಿದ ತೋಟಾಗಳೂ ಮಾರಾಟದಲ್ಲಿವೆ, ರೂಗರ್ ಬ್ಲ್ಯಾಕ್‌ಹಾಕ್‌ನಂಥ ಗಟ್ಟಿ ಫ್ರೇಮಿಗೆ ಮಾತ್ರ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅವು ಹಳೆಯ ಕೋಲ್ಟ್ ಮಾದರಿಯ ರಿವಾಲ್ವರ್‌ಗಳಲ್ಲೂ ಸಲೀಸಾಗಿ ಕೂರುತ್ತವೆ, ಅಪಾಯವಿರುವುದೂ ಅಲ್ಲೇ: ಸಿಲಿಂಡರ್ ಸೀಳುತ್ತದೆ. .357ರ ಹಾಗೆ ಕೇಸಿನ ಉದ್ದ ಇಲ್ಲಿ ನಿಮ್ಮನ್ನು ಕಾಯುವುದಿಲ್ಲ. ಡಬ್ಬಿಯಿಂದ ತೆಗೆದ ಬಿಡಿ ತೋಟಾಗಳನ್ನು ಬೆರೆಸಿ ಇಡಬೇಡಿ.

ಮೈಮೇಲೆ ಹೊರುವಾಗ

ರಕ್ಷಣೆಯ ಗುಂಡುಗಳನ್ನು ಅಳೆಯಲು ಎಫ್‌ಬಿಐ ಬಳಸುವ ಅಳತೆಗೋಲು ಸರಳ: ಶೇ. 10ರ ಜೆಲಾಟಿನ್‌ನಲ್ಲಿ, ದಪ್ಪ ಬಟ್ಟೆಯ ಪದರ ಹಾಯ್ದ ಮೇಲೂ, 12ರಿಂದ 18 ಇಂಚು ಇಳಿಯಬೇಕು. 12ಕ್ಕಿಂತ ಕಡಿಮೆಯಾದರೆ ಮುಖ್ಯ ಅಂಗಕ್ಕೆ ಮುಟ್ಟದೆ ಹೋಗಬಹುದು, 18 ದಾಟಿದರೆ ಹಿಂದೆ ಇರುವವರಿಗೆ ಅಪಾಯ. ಜಿಂಕೆಗೆ ನಾವು ಬಯಸಿದ ಆರಪಾರ ಹೊಡೆತ ಇಲ್ಲಿ ದೋಷ. ಎರಡು ಕೆಲಸಕ್ಕೂ ಒಂದೇ ತೋಟಾ ತುಂಬಿಡಬೇಡಿ ಎನ್ನುವುದು ಇದಕ್ಕೇ. ಕುಟುಂಬ ಒಂದೇ ಇರಲಿ, ಡಬ್ಬಿ ಎರಡಿರಲಿ.

ಎರಡು ಇಂಚಿನ ನಳಿಗೆಯಲ್ಲಿ .357 ಏನಾಗುತ್ತದೆ ನೋಡಿ. 158 ಗ್ರೇನ್ ಗುಂಡಿನ ವೇಗ ಸಾವಿರದ ಆಸುಪಾಸಿಗೆ ಬರುತ್ತದೆ, ಶಕ್ತಿ 350 ಅಡಿ-ಪೌಂಡ್. ಸುಡದೆ ಉಳಿದ ಮದ್ದು ನಳಿಗೆಯ ಹೊರಗೆ ಬೆಂಕಿಯುಂಡೆಯಾಗಿ ಹೊತ್ತುತ್ತದೆ. ಕತ್ತಲ ಕೋಣೆಯಲ್ಲಿ ಕಣ್ಣು ಕುರುಡಾದಂತಾಗುತ್ತದೆ, ಕಿವಿಗೆ ಶಾಶ್ವತ ಪೆಟ್ಟು. ಜೊತೆಗೆ ಒದೆತ. ರೂಗರ್ ಎಲ್‌ಸಿಆರ್ .357ರ ತೂಕ 485 ಗ್ರಾಂ, ಸ್ಮಿತ್ ಅಂಡ್ ವೆಸನ್ 340ಪಿಡಿಯದು 335 ಗ್ರಾಂ ಮಾತ್ರ. ಇಷ್ಟು ಹಗುರದಲ್ಲಿ ಪೂರ್ಣ ಮ್ಯಾಗ್ನಮ್ ಹೊಡೆದರೆ ಅಂಗೈ ಜುಮ್ಮೆನ್ನುತ್ತದೆ, ಎರಡನೇ ಈಡು ಗುರಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅಭ್ಯಾಸಕ್ಕೂ ಮನಸ್ಸು ಬಾರದು, ಅಭ್ಯಾಸವಿಲ್ಲದ ರಿವಾಲ್ವರ್ ಯಾವ ಕೆಲಸಕ್ಕೂ ಬಾರದು.

ಗಿಡ್ಡ ನಳಿಗೆಗೆ .38 ಸ್ಪೆಷಲ್ +ಪಿ (ಮಾಮೂಲಿಗಿಂತ ತುಸು ಹೆಚ್ಚು ಒತ್ತಡದ ತೋಟಾ) ಉತ್ತಮ ಆಯ್ಕೆ. ಸ್ಪೀರ್ ಗೋಲ್ಡ್ ಡಾಟ್ 135 ಗ್ರೇನ್ ತೋಟಾವನ್ನು ಗಿಡ್ಡ ನಳಿಗೆಗೆಂದೇ ರೂಪಿಸಿದ್ದಾರೆ, 1.9 ಇಂಚಿನ ನಳಿಗೆಯಿಂದ 860 ಅಡಿ ವೇಗದಲ್ಲೇ ಅರಳುವಷ್ಟು ಅಗಲ ಬಾಯಿ ಅದಕ್ಕೆ. ಮಾಮೂಲಿ ಹಾಲೋಪಾಯಿಂಟ್‌ಗಳು ಈ ವೇಗದಲ್ಲಿ ಬಟ್ಟೆಯ ನೂಲು ತುಂಬಿಕೊಂಡು ಅರಳದೆ ಹೋಗುತ್ತವೆ. +ಪಿ ಒದೆತವೂ ತಡೆಯದವರಿಗೆ 148 ಗ್ರೇನ್‌ನ ವಾಡ್‌ಕಟರ್ ಇದೆ: ಚಪ್ಪಟೆ ಮುಖ, 700 ಅಡಿ ವೇಗ, ಅರಳುವ ಪ್ರಶ್ನೆಯೇ ಇಲ್ಲ, ಆದರೂ ಆಳಕ್ಕೆ ಇಳಿಯುತ್ತದೆ. ಒಂದೇ ಕಷ್ಟ, ಮೂತಿ ಚಪ್ಪಟೆಯಾದ್ದರಿಂದ ಅವಸರದಲ್ಲಿ ಸಿಲಿಂಡರಿನ ತೂತಿಗೆ ಹಿಡಿಯುವುದು ತಡವಾಗುತ್ತದೆ. ನ್ಯೂಜೆರ್ಸಿಯಲ್ಲಿರುವವರು ಗಮನಿಸಿ, ಅಲ್ಲಿ ಮನೆ, ರೇಂಜ್, ಬೇಟೆಯಂಥ ವಿನಾಯಿತಿಗಳ ಹೊರಗೆ ಸಾಮಾನ್ಯ ನಾಗರಿಕರು ಹಾಲೋಪಾಯಿಂಟ್ ಹೊತ್ತು ಓಡಾಡುವಂತಿಲ್ಲ. ವಾಡ್‌ಕಟರ್ ಅಲ್ಲಿ ಇನ್ನೂ ಹೆಚ್ಚು ಉಪಯೋಗ.

.44 ಸ್ಪೆಷಲ್ ಒಳ್ಳೆಯ ತೋಟಾ. ಚಾರ್ಟರ್ ಆರ್ಮ್ಸ್ ಬುಲ್‌ಡಾಗ್‌ನಂಥ ಐದು ಈಡಿನ ಚಿಕ್ಕ ರಿವಾಲ್ವರ್‌ನಲ್ಲಿ ಮರೆಸಿಟ್ಟು ಒಯ್ಯಬಹುದು, ತೋಟಾದ ಬೆಲೆ ಮಾತ್ರ ಕೈ ಸುಡುತ್ತದೆ. .327 ಫೆಡರಲ್ ಮ್ಯಾಗ್ನಮ್‌ನ ಲಾಭ ಬೇರೆ: .357ರಲ್ಲಿ ಐದು ಈಡು ಹಿಡಿಯುವ ಚಿಕ್ಕ ಫ್ರೇಮಿನಲ್ಲಿ ಇದು ಆರು ಹಿಡಿಯುತ್ತದೆ. ಇದರಲ್ಲಿ .32 ಎಸ್ ಅಂಡ್ ಡಬ್ಲ್ಯು ಲಾಂಗ್ ತೋಟಾವನ್ನೂ ಹೊಡೆಯಬಹುದು. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಬಳಸುವುದು ಇದೇ ತೋಟಾವನ್ನು, ಭಾರತದಲ್ಲಿ ಲೈಸೆನ್ಸ್ ಇರುವ ಬಹಳ ಜನಕ್ಕೆ ಅದರ ಪರಿಚಯವಿದೆ. .32 ಲಾಂಗ್‌ನ ಒದೆತ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಹೊಸಬರ ಅಭ್ಯಾಸಕ್ಕೆ ಚೆನ್ನ. ಆದರೆ .312 ಇಂಚಿನ ಹಗುರ ಗುಂಡು ಜಿಂಕೆಗೆ ಸಾಲದು ಎಂಬುದು ನಮ್ಮ ಮತ.

ಎಲ್ಲಿ ಕೆಡುತ್ತದೆ

ಹಗುರ ರಿವಾಲ್ವರ್‌ನಲ್ಲಿ ಭಾರಿ ಗುಂಡು ಹಾಕಿದಾಗ ಬರುವ ಅತಿ ಕೆಟ್ಟ ತೊಂದರೆ ಗುಂಡು ಮುಂದಕ್ಕೆ ಜಾರುವುದು. ಒದೆತಕ್ಕೆ ರಿವಾಲ್ವರ್ ಹಿಂದಕ್ಕೆ ಚಿಮ್ಮುತ್ತದೆ, ಕೇಸ್ ಅದರ ಜೊತೆ ಹೋಗುತ್ತದೆ, ಹೊಡೆಯದೆ ಉಳಿದ ತೋಟಾಗಳ ಗುಂಡು ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಪ್ರತಿ ಈಡಿಗೂ ಕೂದಲೆಳೆಯಷ್ಟು ಜಾರಿ ಕೊನೆಗೆ ಮೂತಿ ಸಿಲಿಂಡರಿನಿಂದ ಹೊರಚಾಚಿ ಫ್ರೇಮಿಗೆ ತಗಲುತ್ತದೆ. ಸಿಲಿಂಡರ್ ತಿರುಗುವುದಿಲ್ಲ, ಕುದುರೆ ಎಳೆಯಲಾಗುವುದಿಲ್ಲ, ರೇಂಜಿನಲ್ಲೇ ಬಿಡಿಸಲು ಹೆಣಗಬೇಕಾಗುತ್ತದೆ. ಪರೀಕ್ಷೆ ಸುಲಭ: ಒಂದು ತೋಟಾದ ಪೂರ್ಣ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಗುರುತು ಹಾಕಿ, ಅದನ್ನು ಕೊನೆಯದಾಗಿ ಬರುವಂತೆ ತುಂಬಿ, ಉಳಿದ ನಾಲ್ಕನ್ನೋ ಐದನ್ನೋ ಹೊಡೆಯಿರಿ. ಗುರುತಿನದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ಆ ರಿವಾಲ್ವರ್‌ಗೆ ಬೇಡ. ಇದಲ್ಲದೆ ಇನ್ನೊಂದು ಎಚ್ಚರಿಕೆ: 340ಪಿಡಿಯಂಥ ರಿವಾಲ್ವರ್‌ಗಳ ನಳಿಗೆಯ ಮೇಲೆ 120 ಗ್ರೇನ್‌ಗಿಂತ ಹಗುರದ ಮ್ಯಾಗ್ನಮ್ ಗುಂಡು ಹಾಕಬೇಡಿ ಎಂದು ಕೆತ್ತಿರುತ್ತದೆ, ಅದನ್ನೂ ಓದಿ.

ಎರಡನೆಯದು .357ರಲ್ಲಿ .38 ಹೊಡೆದು ಹೊಡೆದು ಆಗುವ ಮಸಿಯ ಉಂಗುರ. .38ರ ಕೇಸ್ ಗಿಡ್ಡವಾದ್ದರಿಂದ ಅದರ ಬಾಯಿಯ ಮುಂದೆ, ಚೇಂಬರಿನ ಒಳಗೋಡೆಗೆ, ಇಂಚಿನ ಎಂಟನೇ ಒಂದು ಭಾಗದಷ್ಟು ಅಗಲಕ್ಕೆ ಸೀಸ-ಮಸಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ .357 ತುಂಬಿದರೆ ಪೂರ್ತಿ ಒಳಗೆ ಹೋಗದೆ ಹಿಂಬದಿ ಎದ್ದು ನಿಲ್ಲುತ್ತದೆ. ಹೆಬ್ಬೆರಳಲ್ಲಿ ಒತ್ತಿ ಕೂರಿಸಬೇಡಿ. ಕೇಸಿನ ಬಾಯಿ ಗುಂಡನ್ನು ಬಿಡಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಖಾಲಿ ಕೇಸ್ ಅಂಟಿಕೊಳ್ಳುತ್ತದೆ. ಒಂದು ಅಳತೆ ದೊಡ್ಡದಾದ ಕಂಚಿನ ಬ್ರಷ್‌ಗೆ ಸಾಲ್ವೆಂಟ್ ಹಚ್ಚಿ ಪ್ರತಿ ಚೇಂಬರನ್ನೂ ತಿರುಗಿಸಿ ತಿರುಗಿಸಿ ಉಜ್ಜಿದರೆ ಹೋಗುತ್ತದೆ. ಬೇಟೆಗೆ ಹೊರಡುವ ಹಿಂದಿನ ದಿನ ಇದನ್ನು ಮಾಡಿ.

ಹಳೆಯ ಸ್ಮಿತ್ ಅಂಡ್ ವೆಸನ್ ಮಾಡೆಲ್ 19 ಇದ್ದವರು 125 ಗ್ರೇನ್ ಪೂರ್ಣ ಮ್ಯಾಗ್ನಮ್ ಹೊಡೆಯುವುದನ್ನು ಬಿಡಿ. ನಳಿಗೆಯ ಬುಡದ ಕೋನ್ ಕೆಳಭಾಗದಲ್ಲಿ ತೆಳುವಾಗಿದೆ, ಅಲ್ಲಿ ಬಿರುಕು ಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. 158 ಗ್ರೇನ್ ಸಾಕು.

ಗುಂಡಿನ ತೂಕ ಬದಲಾದರೆ ಗುರಿಯೂ ಬದಲಾಗುತ್ತದೆ. ರಿವಾಲ್ವರ್‌ನಲ್ಲಿ ಭಾರದ ಗುಂಡು ಸಾಮಾನ್ಯವಾಗಿ ಮೇಲೆ ಬೀಳುತ್ತದೆ, ಏಕೆಂದರೆ ಅದು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಎದ್ದಿರುತ್ತದೆ. ಬೇಟೆಯ ತೋಟಾಕ್ಕೆ ಸೈಟ್ ಹೊಂದಿಸಿ, ರಕ್ಷಣೆಯ ತೋಟಾ ಏಳು ಗಜದಲ್ಲಿ ಎಲ್ಲಿ ಬೀಳುತ್ತದೆಂದು ನೋಡಿಟ್ಟುಕೊಳ್ಳಿ.

ಯಾರಿಗೆ ಯಾವುದು

ಒಂದೇ ರಿವಾಲ್ವರ್ ಎಂದು ಹಟ ಹಿಡಿದವರಿಗೆ: ನಾಲ್ಕು ಇಂಚಿನ ಆಸುಪಾಸಿನ ಉಕ್ಕಿನ .357, ಉದಾಹರಣೆಗೆ 4.2 ಇಂಚಿನ ರೂಗರ್ ಜಿಪಿ100. ತೂಕ 1.1 ಕಿಲೋ, ಸೊಂಟಪಟ್ಟಿ ಗಟ್ಟಿಯಿರಬೇಕು, ಬೇಸಿಗೆಯಲ್ಲಿ ಮರೆಸುವುದು ಕಷ್ಟ. ದಿನದ ಓಡಾಟಕ್ಕೆ .38 +ಪಿ, ಬೇಟೆಗೆ 158 ಅಥವಾ 180 ಗ್ರೇನ್ ಮ್ಯಾಗ್ನಮ್, ದೂರ 50 ಗಜದೊಳಗೆ, ಅದೂ ರಾಜ್ಯದ ನಿಯಮ ಒಪ್ಪಿದರೆ.

ಎರಡು ರಿವಾಲ್ವರ್‌ಗೆ ಹಣವಿದ್ದರೆ ರಾಜಿ ಬೇಡ. ಒಯ್ಯಲು ಎರಡು ಇಂಚಿನ .38, ಸ್ಮಿತ್ ಅಂಡ್ ವೆಸನ್ 642 ಸುಮಾರು 425 ಗ್ರಾಂ, ಐದು ಈಡು. ಬೇಟೆಗೆ ಆರರಿಂದ ಏಳೂವರೆ ಇಂಚಿನ .44 ಮ್ಯಾಗ್ನಮ್, ಅಭ್ಯಾಸವೆಲ್ಲ .44 ಸ್ಪೆಷಲ್‌ನಲ್ಲಿ. ನಾವು ಹೆಚ್ಚು ಇಷ್ಟಪಡುವ ಮೂರನೇ ದಾರಿಯೂ ಒಂದಿದೆ: ಒಯ್ಯಲು ಚಿಕ್ಕ .357 ರಿವಾಲ್ವರ್, ಬೇಟೆಗೆ ಅದೇ ತೋಟಾದ ಲಿವರ್ ಆ್ಯಕ್ಷನ್ ಕಾರ್ಬೈನ್ (ಗಿಡ್ಡ ರೈಫಲ್). 16-18 ಇಂಚಿನ ನಳಿಗೆಯಿಂದ 158 ಗ್ರೇನ್ ಗುಂಡು ಸೆಕೆಂಡಿಗೆ 1,750 ಅಡಿಯ ಸುತ್ತ ಹೋಗಿ ಸಾವಿರ ಅಡಿ-ಪೌಂಡ್ ದಾಟುತ್ತದೆ, ಭುಜಕ್ಕೆ ಒರಗಿಸಿ ಹೊಡೆಯುವುದರಿಂದ ಗುರಿಯೂ ನಂಬಿಕೆಯದ್ದು. ಓಹಾಯೊದಂಥ ನೇರ ಗೋಡೆಯ ಕೇಸ್ ಮಾತ್ರ ಒಪ್ಪುವ ರಾಜ್ಯಗಳಲ್ಲಿ ಇದಕ್ಕೆ ಅವಕಾಶವಿದೆ.

ನಿಮ್ಮ ಬೇಟೆಯ ದೂರ ತಿಳಿಯಲು ಎಂಟು ಇಂಚಿನ ಪೇಪರ್ ತಟ್ಟೆ ಕಟ್ಟಿ. ಬೆಂಚಿನಿಂದಲ್ಲ, ಮಂಡಿಯೂರಿ, ಮರಕ್ಕೆ ಒರಗಿ, ಕೋಲು ಊರಿ ಹೊಡೆಯಿರಿ. ಆರಕ್ಕೆ ಆರೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ಐದು ಬಿದ್ದರೆ ಹತ್ತು ಗಜ ಮುಂದೆ ಬನ್ನಿ. ಕಿವಿಗೆ ಎಲೆಕ್ಟ್ರಾನಿಕ್ ಮಫ್ ಕಾಡಿನಲ್ಲೂ ಇರಲಿ, ಎಲೆಯ ಸದ್ದು ಕೇಳುತ್ತದೆ, ಈಡಿನ ಸದ್ದು ಕಡಿತವಾಗುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುವುದರಿಂದ ಎಡಗೈ ಬೆರಳು ಸಿಲಿಂಡರಿನ ಮುಂದಕ್ಕೆ ಚಾಚಬಾರದು, ಒರಗುವ ಕೊಂಬೆಗೂ ಅದೇ ನಿಯಮ.

ಬೇಟೆಗೆ ಒಯ್ದ ಬ್ಯಾಗನ್ನು ಊರಿನ ಪ್ರಯಾಣಕ್ಕೆ ಬಳಸಬೇಡಿ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಅಮೆರಿಕದ ಪರವಾನಗಿ ಅಲ್ಲಿ ನಡೆಯುವುದಿಲ್ಲ. ಜಾಕೆಟ್ಟಿನ ಜೇಬು, ಬ್ಯಾಗಿನ ಒಳಪದರ, ಸ್ಪೀಡ್‌ಲೋಡರ್ (ತೋಟಾ ಬೇಗ ತುಂಬುವ ಸಾಧನ) ಚೀಲ ಎಲ್ಲವನ್ನೂ ಸೀಸನ್ ಮುಗಿದ ದಿನವೇ ತಡಕಿ ಖಾಲಿ ಮಾಡಿ, ತೋಟಾಗಳನ್ನು ಅವುಗಳ ಡಬ್ಬಿಗೇ ಹಿಂದಿರುಗಿಸಿ ಬೀಗ ಹಾಕಿ.